ನಡೆಯುವ ಮೆಷಿನ್

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮದಲ್ಲಿ ಒಬ್ಬ ಗುರುಗಳು, ಏಳು ಮಂದಿ ಶಿಷ್ಯರು, ಅಡುಗೆಗೆ ದೊಡ್ಡತಾಯಮ್ಮ, ಬಟ್ಟೆಗೆ ಒಂದು ವಾಷಿಂಗ್ ಮೆಷಿನ್.

ಹೊಳೆ ಪಕ್ಕದಲ್ಲೇ ಇರುವಾಗ ಮೆಷಿನ್ ಯಾಕೆ ಎಂದು ಬಂದವರು ಕೇಳುತ್ತಿದ್ದರು. ಹೊಳೆಯಲ್ಲಿ ನೀರಿದ್ದಾಗ ಮೊಸಳೆ ಇರುತ್ತಿತ್ತು. ಮೊಸಳೆ ಇಲ್ಲದಾಗ ನೀರು ಇರುತ್ತಿರಲಿಲ್ಲ.

ಮೆಷಿನ್ ಬಂದು ಎಂಟು ವರ್ಷವಾಗಿತ್ತು. ಯಾರೋ ಭಕ್ತರು ಲಾರಿಯಲ್ಲಿ ಕಳಿಸಿದ್ದು. ಮುಂದೆ ದುಂಡನೆಯ ಗಾಜಿನ ಬಾಗಿಲು, ಒಳಗೆ ಉಕ್ಕಿನ ಡ್ರಮ್ಮು. ಕಾವಿ, ಬಿಳಿ ಎಲ್ಲವನ್ನೂ ಒಟ್ಟಿಗೇ ಹಾಕುತ್ತಿದ್ದುದರಿಂದ, ಬಿಳಿ ಪಂಚೆಯಲ್ಲಿ ಆಶ್ರಮ ಸೇರಿದವರು ಮೂರು ತಿಂಗಳಲ್ಲಿ ಕಾವಿಗೆ ತಿರುಗುತ್ತಿದ್ದರು. ದೀಕ್ಷೆಗೂ ಅದಕ್ಕೂ ಸಂಬಂಧವಿರಲಿಲ್ಲ.

ಮೆಷಿನ್ ನೋಡಿಕೊಳ್ಳುವುದು ಕಪನಯ್ಯನ ಸೇವೆ. ನಲವತ್ತಾರರ ಕಪನಯ್ಯ ಹಿಂದೆ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಗಟ್ಟಿ ಆಳು. ಈ ಸೇವೆಗೆ ಅದು ಬೇಕಾಗಿತ್ತು.

ಯಾಕೆಂದರೆ ಬಟ್ಟೆ ಹಿಂಡುವ ಹೊತ್ತಿಗೆ ಮೆಷಿನ್ ನಡುಗುತ್ತಿತ್ತು, ಗುಡುಗುತ್ತಿತ್ತು, ಆಮೇಲೆ ಗೋಡೆ ಬಿಟ್ಟು ಬಾಗಿಲ ಕಡೆಗೆ ಹೊರಡುತ್ತಿತ್ತು. ಬಾಗಿಲಾಚೆ ಮೂರು ಮೆಟ್ಟಿಲು. ಹಾಗಾಗಿ ಕಪನಯ್ಯ ಅದರ ಮೇಲೆ ಹತ್ತಿ ಕೂರುತ್ತಿದ್ದ. ಒಂದು ಕೈ ಗೋಡೆಯ ಗೂಟಕ್ಕೆ, ಒಂದು ಹಿಮ್ಮಡಿ ಗಾಜಿನ ಬಾಗಿಲಿಗೆ. ಬೇರೆ ಯಾರು ಕೂತರೂ ಮೆಷಿನ್ ನಿಲ್ಲುತ್ತಿರಲಿಲ್ಲ.

"ಏನ್ ಕಪನಯ್ಯೋರೇ, ಸವಾರಿ ಎಲ್ಲಿಗಂಟ ಬಂತು?" ಎಂದು ದೊಡ್ಡತಾಯಮ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

ದಿನಾ ನಾಲ್ಕು ಗಂಟೆಗೆ ಗುರುಗಳ ಪಾಠ. ಕಪನಯ್ಯ ಬಟ್ಟೆ ಹಾಕುವುದೂ ನಾಲ್ಕಕ್ಕೆ. ಬೆಳಗ್ಗೆ ಹಾಕಿದರೆ ಬಿಸಿಲಿಗೆ ಒಣಗುತ್ತವೆ ಎಂದು ದೊಡ್ಡತಾಯಮ್ಮ ಹೇಳಿ ನೋಡಿದಳು. ಸಂಜೆಯ ನೀರು ಮೆದುವಾಗಿರುತ್ತದೆ ಎಂದು ಕಪನಯ್ಯ ಹೇಳಿದ. ಅದೇ ತೊಟ್ಟಿಯ ಅದೇ ನೀರು.

ಹೀಗೆ ಎಂಟು ವರ್ಷ ಕಪನಯ್ಯ ಪಾಠಕ್ಕೆ ಹೋಗಲಿಲ್ಲ. ಎಲ್ಲರೂ ಅವನ ತ್ಯಾಗವನ್ನು ಹೊಗಳುತ್ತಿದ್ದರು. ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ.

ಮೆಷಿನ್ ಬರುವ ಮುಂಚೆ ಒಂದು ವರ್ಷ ಅವನೂ ಪಾಠಕ್ಕೆ ಕೂತವನೇ. ಒಂದು ದಿನ ಗುರುಗಳು, "ಕಪನಯ್ಯ, ನೀನು ಎಲ್ಲಿಂದ ಬಂದೆ?" ಎಂದು ಕೇಳಿದ್ದರು.

"ಅರಸೀಕೆರೆಯಿಂದ ಬುದ್ಧಿ, ಮಧ್ಯಾಹ್ನದ ಬಸ್ಸಿಗೆ" ಎಂದಿದ್ದ ಕಪನಯ್ಯ.

ಪಾಠದಲ್ಲಿ ಎಲ್ಲರಿಗಿಂತ ಮುಂದಿದ್ದ ಷಡಕ್ಷರಿ ಒಂದು ವಾರ ನಕ್ಕ. ಉಳಿದವರು ಮೂರೇ ದಿನ ನಕ್ಕರು. ಗುರುಗಳು ನಗಲಿಲ್ಲ. ಆದರೆ ಅದು ಕಪನಯ್ಯನ ಲೆಕ್ಕಕ್ಕೆ ಬರಲಿಲ್ಲ.

ಈಗ ಮೆಷಿನ್ ನಡುಗುವುದರ ಜೊತೆಗೆ ಕೂಗಲೂ ತೊಡಗಿತ್ತು. ಪಾಠದಲ್ಲಿ ಗುರುಗಳು "ಮೌನ" ಎಂದರೆ ಎದುರಿನ ಸಾಲಿಗೂ ಕೇಳಿಸುತ್ತಿರಲಿಲ್ಲ.

ಗುರುಗಳು ಕಪನಯ್ಯನನ್ನು ಕರೆದರು.

"ಮೆಷಿನ್ ಹೇಗಿದೆ?"

"ನಡೀತದೆ ಬುದ್ಧಿ."

"ಎಲ್ಲಿಯವರೆಗೆ?"

"ಬಾಗಿಲವರೆಗೆ ಬುದ್ಧಿ."



"ಭಕ್ತರು ಹೊಸದು ಕಳಿಸ್ತೀವಿ ಅಂತಿದ್ದಾರೆ. ರಿಪೇರಿಯೋ, ಹೊಸದೋ? ಅದರ ಜೊತೆ ಇರುವವನು ನೀನು. ನೀನೇ ಹೇಳು."

"ಹಳೆಯದನ್ನು ಎಸೆದು ಹೊಸದಕ್ಕೆ ಆಸೆಪಡೋದು ನಮ್ಮಂಥವರಿಗೆ ತಕ್ಕದ್ದಲ್ಲ ಬುದ್ಧಿ."

"ಸರಿ. ರಿಪೇರಿ ಮಾಡಿಸು."

ಕಪನಯ್ಯ ಹೆಗಲ ವಸ್ತ್ರ ಸರಿಮಾಡಿಕೊಂಡ. "ಅದು ಹುಟ್ಟಿದ ಸ್ವಭಾವ ಬುದ್ಧಿ. ತಿದ್ದೋದಕ್ಕೆ ನಾವು ಯಾರು?"

"ಹಾಗಾದರೆ ಹೊಸದು ತರಿಸು."

ಒಂದೇ ಉಸಿರಿನಲ್ಲಿ ಕಪನಯ್ಯ ಎರಡು ಬಾಗಿಲನ್ನೂ ಮುಚ್ಚಿದ್ದ. ಮೂರನೆಯದು ಇರಲಿಲ್ಲ.

"ಪೇಟೆಯಿಂದ ರಿಪೇರಿಯವರನ್ನು ಕರೆಸು. ಬಲ್ಲವರು ನೋಡಲಿ" ಎಂದರು ಗುರುಗಳು.

ಮರುದಿನ ಬೆಳಗ್ಗೆ ಇಲಿಯಾಸ್ ಬಂದ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವನು. ಮೆಷಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಗಿಲು ತೆಗೆದು, ಡ್ರಮ್ಮನ್ನು ಕೈಯಿಂದ ಒಂದು ಸುತ್ತು ತಿರುಗಿಸಿದ. ಅದು ಕರಕರ ಎಂದಿತು.

"ಗೋಡೆಯಿಂದ ಎಳೀಬೇಕು ಸಾರ್. ಹಿಂದೆ ನೋಡ್ಬೇಕು."

"ಹಿಂದೆ ಏನೂ ಇಲ್ಲ. ಧೂಳು ಅಷ್ಟೆ" ಎಂದ ಕಪನಯ್ಯ.

"ಧೂಳಾದ್ರೂ ನೋಡಿ ಹೋಗ್ತೀನಿ. ಇಷ್ಟು ದೂರ ಬಂದಿದೀನಿ."

ಇಲಿಯಾಸ್ ಮೆಷಿನ್ನನ್ನು ಎಳೆದ. ಹಿಂದೆ ಧೂಳಿತ್ತು. ಧೂಳಿನ ನಡುವೆ ಮೂರು ದಪ್ಪ ಬೋಲ್ಟುಗಳಿದ್ದವು.

ಅವನು ಅವನ್ನು ಬೆರಳಿನಿಂದ ಒರೆಸಿದ. ಮತ್ತೆ ಒರೆಸಿದ. ಆಮೇಲೆ ನೆಲದ ಮೇಲೆ ಸರಿಯಾಗಿ ಕೂತುಕೊಂಡ.

"ಸಾರ್, ಇದು ಇನ್ನೂ ಲಾರಿಯಲ್ಲೇ ಇದೆ."

"ಅಂದ್ರೆ?"

"ಲಾರಿಯಲ್ಲಿ ಬರುವಾಗ ಒಳಗಿನ ಡ್ರಮ್ಮು ಕುಣೀಬಾರದು ಅಂತ ಕಂಪನಿಯವರು ಬೋಲ್ಟು ಹಾಕಿ ಬಿಗೀತಾರೆ. ಮನೆಗೆ ಬಂದ ದಿನವೇ ಬಿಚ್ಚಬೇಕು. ಬಿಚ್ಚಿದ್ರೆ ಡ್ರಮ್ಮು ಒಳಗೆ ತೂಗಾಡ್ತಾ ತಿರುಗುತ್ತೆ, ಮೈ ಅಲ್ಲಾಡಲ್ಲ. ಬಿಚ್ಚದಿದ್ರೆ ತಿರುಗಿದಾಗೆಲ್ಲ ಇಡೀ ಮೈಯೇ ಅಲ್ಲಾಡುತ್ತೆ. ನಡೆಯುತ್ತೆ."

"ಹೌದಾ" ಎಂದ ಕಪನಯ್ಯ.

ಇಲಿಯಾಸ್ ಮೆಷಿನ್ನಿನ ಒಂದು ಮೂಲೆ ಎತ್ತಿದ. ಕಾಲಿನ ಕೆಳಗೆ ಒತ್ತಿಗೆಂದು ಇಟ್ಟಿದ್ದ, ಎಂಟು ಮಡಿಕೆಯಾದ ಕಾಗದವೊಂದು ಬಂತು. ಬಿಡಿಸಿದ. ಮೆಷಿನ್ ಜೊತೆಗೆ ಬಂದ ಪುಸ್ತಕದ ಮೊದಲನೆಯ ಹಾಳೆ. ಅದರಲ್ಲಿ ಮೂರು ಬೋಲ್ಟುಗಳ ಚಿತ್ರ. ಪಕ್ಕದಲ್ಲಿ ಒಂದು ಕೈ, ಕೈಯಲ್ಲಿ ಒಂದು ಸ್ಪ್ಯಾನರ್.

ಇಲಿಯಾಸ್ ಹಾಳೆಯನ್ನು ನೋಡಿದ. ಬೋಲ್ಟನ್ನು ನೋಡಿದ. ಕಪನಯ್ಯನನ್ನು ನೋಡಿದ.

"ಸಾರ್, ಬೇಜಾರು ಮಾಡ್ಕೋಬೇಡಿ. ಇದನ್ನ ಇಲ್ಲಿ ಇಟ್ಟೋರು ಓದಿ ಇಟ್ರಾ, ಓದದೇ ಇಟ್ರಾ?"

ಕಪನಯ್ಯ ಹೊಳೆಯ ಕಡೆ ನೋಡಿದ. ಹೊಳೆ ಅಲ್ಲಿಂದ ಕಾಣುತ್ತಿರಲಿಲ್ಲ.

ಓದಿಯೇ ಇಟ್ಟಿದ್ದ. ಐದು ವರ್ಷದ ಹಿಂದೆ. ಕಾಲಿಗೆ ಒತ್ತು ಕೊಡಲು ದಪ್ಪ ಕಾಗದ ಹುಡುಕುವಾಗ ಆ ಹಾಳೆ ಕೈಗೆ ಸಿಕ್ಕಿತ್ತು. ಓದಿದ್ದ. ಸ್ಪ್ಯಾನರ್ ಉಗ್ರಾಣದ ಮೊಳೆಗೇ ನೇತುಹಾಕಿತ್ತು, ಹನ್ನೆರಡು ಹೆಜ್ಜೆ ದೂರ. ಆಗ ಗಂಟೆ ಹತ್ತಿರ ಹತ್ತಿರ ನಾಲ್ಕು. ಬೋಲ್ಟು ಬಿಚ್ಚಿದರೆ ಮೆಷಿನ್ ತನ್ನಷ್ಟಕ್ಕೆ ತಾನು ತಿರುಗುತ್ತದೆ. ಮೇಲೆ ಕೂರುವ ಆಳು ಬೇಕಾಗುವುದಿಲ್ಲ. ಆ ಆಳು ಎದ್ದು ಹೋಗಿ ಷಡಕ್ಷರಿಯ ಪಕ್ಕ ಪಾಠಕ್ಕೆ ಕೂರಬೇಕಾಗುತ್ತದೆ.

ಕಪನಯ್ಯ ಹಾಳೆಯನ್ನು ಮಡಿಚಿದ್ದ.

"ಈಗ ಏನು ಮಾಡಬಹುದು?" ಎಂದು ಇಲಿಯಾಸ್‌ನನ್ನು ಕೇಳಿದ.

"ಬೇರಿಂಗು ಸವೆದುಹೋಗಿದೆ, ಕೂಗೋದು ಅದೇ. ಹಾಕಿಕೊಡಬಹುದು. ತಮಾಷೆ ಏನಂದ್ರೆ, ಕೆಳಗೆ ಶಾಕ್ ಅಬ್ಸಾರ್ಬರ್ ಇದಾವಲ್ಲ, ಅಲುಗಾಟ ಹೀರಿಕೊಳ್ಳೋಕೆ ಇರೋದು, ಅವು ಹೊಚ್ಚ ಹೊಸದಾಗಿವೆ. ಎಂಟು ವರ್ಷದಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ. ಬೋಲ್ಟು ಬಿಡಬೇಕಲ್ಲ."

"ರಿಪೇರಿ ಆದ ಮೇಲೆ ಅಲ್ಲಾಡುತ್ತಾ?"

"ಅಲ್ಲಾಡಲ್ಲ."

"ಹೊಸದು ತಂದರೆ?"

"ಅದೂ ಅಲ್ಲಾಡಲ್ಲ. ಅಲ್ಲಾಡಲೇಬೇಕು ಅಂದ್ರೆ ಹೀಗೇ ಬಿಡಬೇಕು ಸಾರ್."

ಇಲಿಯಾಸ್ ನಗಲೆಂದು ಹೇಳಿದ್ದು. ಕಪನಯ್ಯ ಗಂಭೀರವಾಗಿ ತಲೆಯಾಡಿಸಿದ. ಮೂರನೆಯ ಬಾಗಿಲು ಸಿಕ್ಕಿತ್ತು.

"ಇವತ್ತು ಏನೂ ಬಿಚ್ಚಬೇಡಿ" ಎಂದ.

ಮಧ್ಯಾಹ್ನ ಗುರುಗಳ ಮುಂದೆ ನಿಂತು ವರದಿ ಒಪ್ಪಿಸಿದ.

"ರಿಪೇರಿಯೂ ಬೇಡ, ಹೊಸದೂ ಬೇಡ ಬುದ್ಧಿ. ಹೇಗಿದೆಯೋ ಹಾಗೇ ನಡೆಸಿಕೊಂಡು ಹೋಗೋಣ. ನನಗೇನೂ ಕಷ್ಟವಿಲ್ಲ. ನಾನು ಕೂರ್ತೀನಿ."

"ಬಲ್ಲವರು ಏನು ಹೇಳಿದರು?"

"ಹೀಗೇ ಬಿಡಬಹುದು ಅಂತಲೂ ಹೇಳಿದರು."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಆಗಲಿ" ಎಂದರು ಗುರುಗಳು. "ಎಂಟು ವರ್ಷ ನೀನು ಕೂತೆ. ಇವತ್ತು ನಾನು ಕೂರ್ತೀನಿ."

"ಬುದ್ಧಿ?"

"ಪಾಠ ಅಲ್ಲಿಂದಲೇ ಹೇಳ್ತೀನಿ. ಚಾಪೆ ಅಲ್ಲಿಗೇ ಹಾಕಿಸು. ನಿನಗೂ ಒಂದು."

ಗುರುಗಳಿಗೆ ಎಪ್ಪತ್ತೆಂಟು ವರ್ಷ. ಹೋದ ವರ್ಷ ಸೊಂಟದ ಮೂಳೆ ಕೂಡಿಸಿಕೊಂಡು ಬಂದವರು.

ನಾಲ್ಕು ಗಂಟೆಗೆ ಗುರುಗಳು ಮಣೆಯ ಮೇಲೆ ಕಾಲಿಟ್ಟು, ಇಬ್ಬರ ಹೆಗಲು ಹಿಡಿದು ಮೆಷಿನ್ ಹತ್ತಿದರು. ಏಳು ಶಿಷ್ಯರು ಕೆಳಗೆ ಕೂತರು. ಎಲ್ಲರಿಗಿಂತ ಹಿಂದಿನ ಚಾಪೆಯಲ್ಲಿ ಕಪನಯ್ಯ. ದೊಡ್ಡತಾಯಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

ಮೊದಮೊದಲು ಬಟ್ಟೆ ನೆನೆಯಿತು, ಹೊರಳಿತು. ಪಾಠ ಚೆನ್ನಾಗಿಯೇ ಸಾಗಿತು. ಅಂದಿನ ವಿಷಯ ಸ್ಥಿರತೆ.

ಆಮೇಲೆ ಮೆಷಿನ್ ಹಿಂಡತೊಡಗಿತು.

"ಮ-ಮ-ಮನಸ್ಸು" ಎಂದರು ಗುರುಗಳು.

ಷಡಕ್ಷರಿ ಬರೆದುಕೊಂಡ.

"ನಿ-ನಿ-ನಿಲ್ಲ-ಲ್ಲ-ಬೇಕು."

ಗುರುಗಳ ಕನ್ನಡಕ ಮೂಗಿನ ತುದಿಗೆ ಇಳಿಯಿತು. ಮೆಷಿನ್ ಗೋಡೆ ಬಿಟ್ಟಿತು. ಗೋಡೆಯ ಗೂಟ ಗುರುಗಳ ಕೈಗೆ ಎಟುಕಲಿಲ್ಲ. ಅವರು ಅದನ್ನು ಹುಡುಕಲೂ ಇಲ್ಲ. ಎರಡೂ ಕೈ ಮಡಿಲಲ್ಲಿಟ್ಟು, ಶಿಷ್ಯರನ್ನು ನೋಡುತ್ತಾ, ಬಾಗಿಲ ಕಡೆಗೆ ಹೊರಟಿದ್ದರು.

"ಅಯ್ಯೋ, ಬುದ್ಧಿಯೋರು ಹೊಂಟ್ರು!" ಎಂದು ದೊಡ್ಡತಾಯಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. "ಹಿಡೀರ್ರೋ ಯಾರಾದ್ರೂ! ಬರಕಂತಾ ಕುಂತವ್ನೆ ನೋಡು!"

ಕಪನಯ್ಯ ಎದ್ದ. ಆರು ಜನರನ್ನು ದಾಟಿ ಹೋಗಿ ಮೆಷಿನ್ನನ್ನು ಎರಡೂ ತೋಳಿನಿಂದ ತಬ್ಬಿದ. ಅದು ಅವನನ್ನೂ ಎಳೆದುಕೊಂಡು ಒಂದು ಮೊಳ ನಡೆಯಿತು. ಒಂದು ಕೈ ಬಿಟ್ಟು ವೈರನ್ನು ಹಿಡಿದು ಜಗ್ಗಿದ. ಪ್ಲಗ್ಗು ಕಿತ್ತು ಬಂತು.

ಡ್ರಮ್ಮು ಕೂಗುತ್ತಾ, ನಿಧಾನವಾಗುತ್ತಾ, ನಿಂತಿತು. ಹೊಸ್ತಿಲು ಒಂದು ಗೇಣು ದೂರವಿತ್ತು.

ಗುರುಗಳು ಕನ್ನಡಕ ಮೇಲಕ್ಕೇರಿಸಿದರು.

"ಪಾಠದ ಮಧ್ಯೆ ಎದ್ದೆಯಲ್ಲ ಕಪನಯ್ಯ."

"ಬುದ್ಧಿ, ಇದರ ಸ್ವಭಾವ ಹೀಗಲ್ಲ." ಅವನ ತೋಳು ಇನ್ನೂ ಮೆಷಿನ್ ಸುತ್ತಲೇ ಇತ್ತು. "ಹಿಂದೆ ಮೂರು ಬೋಲ್ಟು ಇದೆ."

"ಯಾಕೆ?"

"ದಾರಿಯಲ್ಲಿ ಬರುವಾಗ ಒಳಗಿನದಕ್ಕೆ ಪೆಟ್ಟಾಗದಿರಲಿ ಅಂತ."

"ಒಳ್ಳೆಯದೇ ಅಲ್ಲವೇ?"

"ದಾರಿಯಲ್ಲಿ ಒಳ್ಳೆಯದು ಬುದ್ಧಿ. ಬಂದು ಸೇರಿದ ಮೇಲೆ ಬಿಚ್ಚಬೇಕು. ನಾನು ಬಿಚ್ಚಲಿಲ್ಲ."

"ಗೊತ್ತಿರಲಿಲ್ಲವೇ?"

"ಐದು ವರ್ಷದಿಂದ ಗೊತ್ತು."

ದೊಡ್ಡತಾಯಮ್ಮನ ಸೌಟಿನಿಂದ ಸಾರು ಒಂದು ಹನಿ ತೊಟ್ಟಿಕ್ಕಿತು.

"ಬಿಚ್ಚಿದರೆ ಪಾಠಕ್ಕೆ ಬಂದು ಕೂರಬೇಕಾಗ್ತಿತ್ತು" ಎಂದ ಕಪನಯ್ಯ. "ನನಗೆ ಪಾಠ ಅಂದ್ರೆ ಭಯ ಬುದ್ಧಿ. ನೀವು ಕೇಳೋದು ಒಂದು, ನನಗೆ ಹೊಳೆಯೋದು ಇನ್ನೊಂದು. ಎಲ್ಲರೂ ನಗ್ತಾರೆ. ಇಲ್ಲಿ ಮೇಲೆ ಕೂತಿದ್ದರೆ, ಕಪನಯ್ಯ ಇಲ್ಲದಿದ್ದರೆ ಆಗೋದಿಲ್ಲ ಅಂತಾರೆ. ಒಂಬತ್ತು ವರ್ಷದ ಹಿಂದೆ ಏನೋ ತಿಳಿಯಬೇಕು ಅಂತ ಬಂದೆ. ಬಂದವನು ಬಿಗಿದುಕೊಂಡೇ ಕೂತೆ. ಈಗ ನಿಮ್ಮನ್ನೇ ಬೀಳಿಸ್ತಿದ್ದೆ."

ಷಡಕ್ಷರಿಗೆ ತಡೆಯಲಾಗಲಿಲ್ಲ. ಮೂಗಿನಲ್ಲಿ ಸಣ್ಣಗೆ ನಕ್ಕ. ಪಕ್ಕದವನಿಗೂ ಅಂಟಿತು.

ಈ ಸಲ ಕಪನಯ್ಯ ತಲೆ ತಗ್ಗಿಸಲಿಲ್ಲ. ಗುರುಗಳು ಇನ್ನೂ ಮೇಲೆ ಕೂತಿದ್ದರು, ಅವರನ್ನು ಹಿಡಿದುಕೊಂಡಿರಬೇಕಾಗಿತ್ತು.

"ಸರಿ" ಎಂದರು ಗುರುಗಳು. "ನಿನ್ನೆ ಕೇಳಿದ್ದಕ್ಕೆ ಉತ್ತರ ಇನ್ನೂ ಬರಲಿಲ್ಲ. ರಿಪೇರಿಯೋ, ಹೊಸದೋ?"

ಕಪನಯ್ಯ ಗಾಜಿನ ಬಾಗಿಲ ಒಳಗೆ ನೋಡಿದ. ಎಂಟು ಜನರ ಬಟ್ಟೆ ಒಂದೇ ಮುದ್ದೆಯಾಗಿ ಕೂತಿತ್ತು. ಅವನು ಅವಸರ ಮಾಡಲಿಲ್ಲ.

"ರಿಪೇರಿ ಬುದ್ಧಿ. ಬೇರಿಂಗು ಇಲಿಯಾಸ್ ಹಾಕಲಿ. ಬೋಲ್ಟು ನಾನೇ ಬಿಚ್ತೀನಿ."

"ಹೊಸದು ಸುಮ್ಮನೇ ಬರುತ್ತದಲ್ಲ?"

"ಬರಬಹುದು. ಆದರೆ ಇದು ಕೆಟ್ಟಿದೆ ಅಂತ ಹೇಳೋದು ಹೇಗೆ? ಬಂದ ದಿನದಿಂದ ಇದು ತನ್ನ ಹಾಗೆ ಒಂದು ಸಲವೂ ತಿರುಗಿಲ್ಲ. ಒಂದು ಸಲ ತಿರುಗಲಿ. ಆಮೇಲೆ ನೋಡೋಣ."

ಗುರುಗಳು ಕೈ ಚಾಚಿದರು. ಕಪನಯ್ಯ ಅವರನ್ನು ಮೆಲ್ಲಗೆ ಇಳಿಸಿ ನೆಲದ ಮೇಲೆ ನಿಲ್ಲಿಸಿದ. ಗುರುಗಳು ಸೊಂಟ ಒತ್ತಿಕೊಂಡು ನೆಟ್ಟಗಾದರು. ಷಡಕ್ಷರಿ ಪುಸ್ತಕದ ಹಾಳೆ ತಿರುವಿ, ಪಾಠ ಮುಂದುವರಿಯುವುದೆಂದು ಪೆನ್ನು ಹಿಡಿದು ಕಾದ.

ಗುರುಗಳು ಅವನನ್ನೂ, ಉಳಿದವರನ್ನೂ ನೋಡಿದರು.

"ಇವತ್ತಿನ ಪಾಠ ಮುಗಿಯಿತು. ಅರ್ಥವಾಗದವರು ಕಪನಯ್ಯನನ್ನು ಕೇಳಿ."