ಮೈದಾನದಿಂದ ಹೊರಗೆ ಕರೆಯುವುದು

"ಬುದ್ಧೀ, ನಮಗೆ ಬೇಕಾದವರ ಕೈಲಿ ಇನ್ನು ಆಗುವುದಿಲ್ಲ ಎನ್ನುವುದು ಕಣ್ಣಿಗೆ ಕಾಣುತ್ತಿರುವಾಗ, ಅವರಿಗೆ ಸಾಕು ಎಂದು ಹೇಗೆ ಹೇಳುವುದು?"

ಹೀಗೆ ಕೇಳಿದವನು ಮಠದ ಶಿಷ್ಯ ಮಡಿವಾಳಯ್ಯ. ಕೇಳಿದ್ದು ತನ್ನ ಗುರುಗಳನ್ನೇ. ಯಾರೋ ಭಕ್ತರು ಕೇಳಿದರು, ಅವರ ಊರಿನಲ್ಲಿ ಭಜನೆ ಹೇಳಿಕೊಡುವ ಹಿರಿಯರೊಬ್ಬರಿಗೆ ದನಿ ಹೋಗಿದೆಯಂತೆ ಎಂದು ಒಂದು ಸುಳ್ಳನ್ನೂ ಸೇರಿಸಿದ. ನಿಜ ಬೇರೆ ಇತ್ತು. ಗುರುಗಳಿಗೆ ಎಂಬತ್ತನಾಲ್ಕು. ಸಂಜೆಯ ಪ್ರವಚನದಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದರು. ಹೋದ ಸೋಮವಾರ ಅರ್ಧ ಮಾತಿಗೆ ನಿಂತು, ಮುಂದಿನದು ನೆನಪಾಗದೆ ಸುಮ್ಮನೆ ಕೂತುಬಿಟ್ಟಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದರು. ಮಠದ ಹಿರಿಯರು ಮಡಿವಾಳಯ್ಯನನ್ನು ಪಕ್ಕಕ್ಕೆ ಕರೆದು, ಇನ್ನು ಪ್ರವಚನ ನೀವು ಮಾಡಬೇಕು, ಅದನ್ನು ಬುದ್ಧಿಯವರಿಗೆ ನೀವೇ ಹೇಳಬೇಕು ಎಂದಿದ್ದರು. ತಂದೆ ತಾಯಿ ಇಲ್ಲದೆ ಏಳನೇ ವಯಸ್ಸಿನಲ್ಲಿ ಬಂದ ಅವನಿಗೆ ಕೈ ಹಿಡಿದು ಅಕ್ಷರ ತಿದ್ದಿಸಿದವರು ಅವರು. ಅಂಥವರಿಗೆ ಹೇಗೆ ಹೇಳುವುದು? ಆ ಮಾತು ಬಿಸಿತುಪ್ಪದ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಅವನ ಬಾಯಲ್ಲೇ ಉಳಿದಿತ್ತು.

ಗುರುಗಳು ಅವನನ್ನು ಒಮ್ಮೆ ನೋಡಿ, ಕೂತುಕೋ, ಇದು ನಿಂತು ಕೇಳುವ ಕತೆಯಲ್ಲ ಎಂದರು. ಕಾವಿ ಉಟ್ಟವನಿಗೆ ಫುಟ್‌ಬಾಲ್ ಯಾಕೆ ಎಂದು ನಗಬೇಡ, ಆಡಿದವನೇ ಒಮ್ಮೆ ಮಠಕ್ಕೆ ಬಂದು ಹೇಳಿಕೊಂಡದ್ದು ಎಂದು ಶುರು ಮಾಡಿದರು.

ಒಂದು ಕಾರ್ಖಾನೆಯ ತಂಡದಲ್ಲಿ ಒಬ್ಬ ಆಟಗಾರನಿದ್ದ. ಚೆಂಡು ಅವನ ಕಾಲಿಗೆ ಸಿಕ್ಕಿತೆಂದರೆ ಗೋಲು ಆದ ಹಾಗೆಯೇ. ಹದಿನಾಲ್ಕು ವರ್ಷ ಆಡಿದ. ಬೀದಿಯಲ್ಲಿ ಬರಿಗಾಲಲ್ಲಿ ಆಡುತ್ತಿದ್ದವನನ್ನು ಹುಡುಕಿ ತಂದು ಬೆಳೆಸಿದವರು ತಂಡದ ಮ್ಯಾನೇಜರ್. ಯಾರು ಆಡಬೇಕು, ಯಾರು ಕೂರಬೇಕು ಎನ್ನುವುದೆಲ್ಲ ಅವರ ಮಾತು. ಆಟಗಾರರು ಅವರನ್ನು ಮೇಷ್ಟ್ರು ಎನ್ನುತ್ತಿದ್ದರು.

ಒಂದು ಫೈನಲ್ ಪಂದ್ಯ. ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಗೆರೆಯ ಬಳಿ ಅವನ ನಂಬರಿನ ಬೋರ್ಡು ಮೇಲೆದ್ದಿತು. ನೀನು ಬಾ, ಬೇರೆಯವನು ಹೋಗಲಿ ಎಂದು ಅದರ ಅರ್ಥ. ಅವನು ಬಂದ. ಮೇಷ್ಟ್ರ ಮುಂದೆಯೇ ಹಾದು ಬಂದ. ಮೇಷ್ಟ್ರು ಮೈದಾನದ ಕಡೆಗೆ ನೆಟ್ಟ ಕಣ್ಣನ್ನು ತಿರುಗಿಸಲಿಲ್ಲ. ತಂಡ ಗೆದ್ದಿತು. ಅವನ ಆಟ ಮಾತ್ರ ಅವತ್ತಿಗೆ ಮುಗಿಯಿತು. ಅಷ್ಟು ವರ್ಷ ಓಡಿದವನಿಗೆ ಒಂದು ನೋಟವೂ ಬೇಡವೇ ಎಂದು ಬಹಳ ನೊಂದುಕೊಂಡ. ಮೇಷ್ಟ್ರ ಮಗಳ ಮದುವೆಗೂ ಹೋಗಲಿಲ್ಲ. ಹನ್ನೆರಡು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಈ ನಡುವೆ ಮೇಷ್ಟ್ರು ನಿವೃತ್ತರಾದರು. ಕಾರ್ಖಾನೆಯವರು ಇವನನ್ನೇ ಮ್ಯಾನೇಜರ್ ಮಾಡಿದರು. ಆಟಗಾರನೇ ಕೇಳಿಕೊಳ್ಳದ ಹೊರತು ಯಾರನ್ನೂ ಆಟದ ನಡುವೆ ಹೊರಗೆ ಕರೆಯುವುದಿಲ್ಲ ಎಂದು ಇವನು ಮೊದಲ ದಿನವೇ ಪಣ ತೊಟ್ಟ. ಆಟಗಾರರು ಅವನಿಗಾಗಿ ಜೀವ ಕೊಡುತ್ತಿದ್ದರು. ಸೋತಾಗಲೂ ಅವನು ಪಣ ಬಿಡಲಿಲ್ಲ, ಅದೇ ದೊಡ್ಡತನ ಎಂದುಕೊಂಡ.

ಆ ತಂಡಕ್ಕೊಬ್ಬ ನಾಯಕನಿದ್ದ. ಮ್ಯಾನೇಜರಿಗೆ ಒಡಹುಟ್ಟಿದ ತಮ್ಮನಿಗಿಂತ ಹೆಚ್ಚು. ಮೂವತ್ತಾರಕ್ಕೆ ಅವನ ಎರಡೂ ಮಂಡಿ ಹೋಗಿದ್ದವು. ಪಂದ್ಯಕ್ಕೆ ಮುಂಚೆ ಮ್ಯಾನೇಜರೇ ನೆಲದ ಮೇಲೆ ಕೂತು ಅವಕ್ಕೆ ಪಟ್ಟಿ ಸುತ್ತುತ್ತಿದ್ದ. ಇದು ಇನ್ನು ನಡೆಯುವ ಮಾತಲ್ಲ ಎಂದು ಸುತ್ತುವ ಕೈಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಬಾಯಿ ಬಿಡಲಿಲ್ಲ. ಕೊನೆಗೊಂದು ದಿನ ದೊಡ್ಡ ಪಂದ್ಯದಲ್ಲಿ ನಾಯಕ ಕುಂಟತೊಡಗಿದ. ಎದುರು ತಂಡದವರು ಅವನ ಪಕ್ಕದಲ್ಲೇ ಚೆಂಡು ದಾಟಿಸಿಕೊಂಡು ಹೋದರು. ಅವನ ಹೆಸರು ಕೂಗಿ ಚಪ್ಪಾಳೆ ತಟ್ಟುತ್ತಿದ್ದ ಜನವೇ ಅವತ್ತು ನಕ್ಕರು. ಮ್ಯಾನೇಜರ್ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಲ್ಲೇ ಕೂತಿದ್ದ.

ಇಲ್ಲಿಗೆ ಬಂದು ಗುರುಗಳು ನಿಂತರು. ಹುಬ್ಬು ಗಂಟಿಕ್ಕಿ, ಎಲ್ಲಿಯವರೆಗೆ ಹೇಳಿದೆ ಎಂದು ಕೇಳಿದರು. ಜನ ನಕ್ಕರು ಅನ್ನುವವರೆಗೆ ಬುದ್ಧೀ, ಎಂದು ಮಡಿವಾಳಯ್ಯ ಮೆಲ್ಲಗೆ ಎತ್ತಿಕೊಟ್ಟ. ಹಾಂ, ನಕ್ಕರು, ಜನರ ಬಾಯಿಗೆ ಬೀಗ ಹಾಕಲಾದೀತೇ ಎಂದು ಗುರುಗಳು ಮುಂದುವರಿಸಿದರು.

ತಂಡ ಸೋತಿತು. ನಾಯಕ ಬೂಟು ಬಿಚ್ಚುತ್ತಾ ತಲೆ ತಗ್ಗಿಸಿಕೊಂಡೇ ಹೇಳಿದ.

"ಅಣ್ಣಾ, ಮೂರು ಸಲ ನಿಮ್ಮ ಕಡೆ ನೋಡಿದೆ. ಈಗ ಕರೀತೀರಿ, ಈಗ ಕರೀತೀರಿ ಅಂತ."

"ನೀನು ಕೇಳಲಿಲ್ಲವಲ್ಲೋ."

"ನಾನು ಹೇಗಣ್ಣಾ ಕೇಳಲಿ? ಅದು ನೀವು ಹೇಳಬೇಕಾದ ಮಾತು."

ಮ್ಯಾನೇಜರ್ ಅಲ್ಲಿಂದ ತನ್ನ ಮನೆಗೆ ಹೋಗಲಿಲ್ಲ. ನೇರ ಮೇಷ್ಟ್ರ ಮನೆಗೆ ಹೋದ. ಹನ್ನೆರಡು ವರ್ಷದ ಮೇಲೆ ಬಂದವನನ್ನು ಆ ಮುದುಕರು ಯಾಕೆ ಬಂದೆ ಎನ್ನಲಿಲ್ಲ, ಊಟ ಆಯಿತೇ ಎಂದರು. ಅವನಿಗೆ ತಡೆಯಲಾಗಲಿಲ್ಲ. ಅವತ್ತು ಯಾಕೆ ನನ್ನ ಮುಖ ನೋಡಲಿಲ್ಲ ಎಂದು ಕೇಳಿಯೇಬಿಟ್ಟ.

"ನೋಡಿದ್ದರೆ ಕರೆಯಲು ಆಗುತ್ತಿರಲಿಲ್ಲ ಕಣಪ್ಪಾ" ಎಂದರು ಮೇಷ್ಟ್ರು. ನಿನ್ನ ಕಾಲು ಸೋತದ್ದು ನನಗೊಬ್ಬನಿಗೇ ಕಂಡಿತ್ತು, ಜನಕ್ಕೆ ಕಾಣುವ ಮೊದಲೇ ಕರೆದುಬಿಡಬೇಕು ಅನ್ನಿಸಿತು, ಕರೆದೆ, ನಿನ್ನ ಕಡೆ ತಿರುಗುವ ಧೈರ್ಯ ಮಾತ್ರ ಬರಲಿಲ್ಲ, ಅದು ನನ್ನ ತಪ್ಪು ಎಂದರು. ಅವತ್ತು ಅವನು ಆ ಮನೆಯಲ್ಲೇ ಉಂಡ.

ಆ ವರ್ಷ ಇನ್ನೊಂದೇ ಪಂದ್ಯ ಉಳಿದಿತ್ತು. ನಾಯಕ ಚೆನ್ನಾಗಿಯೇ ಆಡುತ್ತಿದ್ದ. ಮಂಡಿ ನಡುಗತೊಡಗಿದ್ದು ಬೇರೆ ಯಾರಿಗೂ ಕಾಣುವ ಮುಂಚೆ ಮ್ಯಾನೇಜರ್ ಬೋರ್ಡು ಎತ್ತಿಸಿದ. ಎತ್ತಿಸಿ ತಾನೇ ಎದ್ದು ಗೆರೆಯವರೆಗೆ ಹೋದ. ನಾಯಕ ನಡೆದು ಬರುವಷ್ಟೂ ಹೊತ್ತು ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಎದೆ ಒಡೆಯುವಂತಿತ್ತು, ಆದರೂ ನೋಡಿದ. ಹತ್ತಿರ ಬಂದವನನ್ನು ಎಲ್ಲರೆದುರು ತಬ್ಬಿಕೊಂಡು, ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವತ್ತು ಗೆದ್ದರೋ ಸೋತರೋ, ಮಠಕ್ಕೆ ಬಂದಾಗ ಆ ಮ್ಯಾನೇಜರ್ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗುರುಗಳು ಕತೆ ಮುಗಿಸಿದರು. ಮಡಿವಾಳಯ್ಯ ನೆಲ ನೋಡುತ್ತಾ ಕೂತಿದ್ದ. ಆ ಭಕ್ತರಿಗೆ ಹಾಗೆಯೇ ಹೇಳುತ್ತೇನೆ ಬುದ್ಧೀ, ಎಂದ.

ಗುರುಗಳು ನಕ್ಕು ಅವನ ಗಲ್ಲ ಹಿಡಿದರು.

"ಭಕ್ತರಿಗೆ ಆಮೇಲೆ ಹೇಳುವೆಯಂತೆ, ಈಗ ತಲೆ ಎತ್ತು ಮರಿ, ನನ್ನ ಮುಖ ನೋಡಿ ಕರೆ."