ಕರಿಗಲ್ಲು ಸೆರೆಮನೆಯ ಬೀಗ

"ಕೇಳಿರಪ್ಪೋ ಕೇಳಿರಿ! ಕರಿಗಲ್ಲು ಕೋಟೆಯ ಭೈರಮಲ್ಲ ದೊರೆಗಳ ಅಪ್ಪಣೆ! ಸೆರೆಮನೆಯ ಕಾವಲುಗಾರ ಕೀಲಿಕೈ ಸಮೇತ ಓಡಿಹೋಗಿದ್ದಾನೆ. ಬೀಗ ಒಡೆಯದೆ, ಆ ಕೀಲಿಕೈಗೆ ಅದು ತೆರೆಯದಂತೆ ಮಾಡಬೇಕು. ಮೊದಲು ಮೂರು ಒಗಟು ಬಿಡಿಸಬೇಕು. ಗೆದ್ದವನಿಗೆ ಬೇಡಿದ್ದೊಂದು ವರ, ಸೋತವನಿಗೆ ಅಮಾವಾಸ್ಯೆಗೆ ಶೂಲ!"

ಒಗಟುಗಳು ದೊರೆಯ ಸ್ವಂತದವಲ್ಲ, ಅಷ್ಟು ತಲೆ ಅವನಿಗೆಲ್ಲಿ? ಬೀಗ ಮಾಡಿದ ಮುದುಕ ಸಾಯುವ ಮುನ್ನ ಅವನ್ನೂ ಉತ್ತರಗಳನ್ನೂ ದೊರೆಯ ಕಿವಿಗೆ ಹಾಕಿ, ಪರೀಕ್ಷೆಗೆಂದು ಅದೇ ತರಹದ ಇನ್ನೊಂದು ಬೀಗ ಬಿಟ್ಟುಹೋಗಿದ್ದ. ಶೂಲ ಮಾತ್ರ ದೊರೆ ತಾನಾಗಿ ಸೇರಿಸಿದ್ದು.

ಸೆರೆಮನೆಯ ಬಾಗಿಲ ಮುಂದೆಯೇ ಸಭೆ ಸೇರಿತು. ದೊರೆ ಮೊದಲ ಒಗಟು ಹೇಳಿದ: "ಒಂದೇ ಮನೆಯಲ್ಲಿ ಐದು ಜೋಡಿ. ಐದೂ ಜೋಡಿ ಒಂದೇ ಗೆರೆಯಲ್ಲಿ ಅಗಲಿದರೆ ಬಾಗಿಲು ತೆರೆಯುತ್ತದೆ. ಒಂದು ಜೋಡಿ ಹಟ ಹಿಡಿದರೂ ಇಲ್ಲ. ಯಾರವರು?"

ಆಸ್ಥಾನದ ಪಂಡಿತರೊಬ್ಬರು ಮೀಸೆ ತಿರುವಿ, "ಪಂಚೇಂದ್ರಿಯಗಳು" ಎಂದರು. ಕಾವಲಿನವರು ಅವರನ್ನು ಸೆರೆಮನೆಯೊಳಗೆ ತಳ್ಳಿದರು. ಅಕ್ಕಸಾಲಿಗನೊಬ್ಬ ಇದನ್ನು ಬಿಡಿಸಿ ಎರಡನೆಯದಕ್ಕೆ ಬಂದ. "ಒಡೆಯ ಮನೆ ಬಿಟ್ಟು ಹೊರಡುತ್ತಾನೆ. ಅವನ ಬೆನ್ನಿಗೆ ಅಂಟಿಕೊಂಡೇ ಇನ್ನೊಬ್ಬ ಒಳಗೆ ಬರುತ್ತಾನೆ. ಕೂದಲೆಳೆ ಸಂದು ಬಿಟ್ಟರೂ ಸೂರು ಕುಸಿಯುತ್ತದೆ. ಯಾರವನು?" ಅಕ್ಕಸಾಲಿಗ ನೆರಳು ಎಂದ. ಅವನೂ ಒಳಗೆ ಹೋದ.

ಮೂರನೆಯವನು ಬೀಗದ ಹೊನ್ನಯ್ಯ. ಸಂತೆಯಲ್ಲಿ ಅವನಷ್ಟು ಚುರುಕಾಗಿ ಬೀಗ ಬಿಚ್ಚುವವರೇ ಇರಲಿಲ್ಲ. ಆ ಚುರುಕೇ ಅವನಿಗೆ ಮುಳುವಾಯಿತು. ಎರಡನೆಯ ಒಗಟಿಗೆ ನಕ್ಕು, "ಇನ್ಯಾರು ಬುದ್ಧೀ, ನನ್ನ ಹೆಬ್ಬೆರಳು!" ಎಂದವನೇ ಪರೀಕ್ಷೆಯ ಬೀಗದಲ್ಲಿ ಕೀಲಿಕೈ ಹಾಕಿ ತಿರುಗಿಸುವ ಉರುಳೆಯನ್ನು ಎಳೆದು, ಅದು ಬಿಟ್ಟ ತೂತಿಗೆ ಹೆಬ್ಬೆರಳು ಒತ್ತಿದ. ಬೆರಳು ತುಸು ಜಾರಿತು. ಒಳಗಿನ ಸ್ಪ್ರಿಂಗುಗಳೂ ಕಡ್ಡಿಗಳೂ ಚಿಮ್ಮಿ ದೊರೆಯ ಕಾಲ ಬಳಿ ಬಿದ್ದವು. ದೊರೆ ಅಲ್ಲೇ ಆ ಹೆಬ್ಬೆರಳು ಕಡಿಸಿ ಅವನನ್ನೂ ಒಳಗೆ ನೂಕಿಸಿದ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಹೊನ್ನಯ್ಯನ ತಮ್ಮ ಕೆಂಚ ಬಂದ. ಅಂಗಡಿಯಲ್ಲಿ ಅಣ್ಣ ಹತ್ತು ಬೀಗ ಬಿಚ್ಚುವಷ್ಟರಲ್ಲಿ ಇವನದು ಎರಡು. ನಿಧಾನಿ ಎಂದೇ ಊರಿಗೆಲ್ಲ ತಮಾಷೆ. ದೊರೆ ಹೇಳಿದ ಮೊದಲೆರಡು ಒಗಟು ಕೇಳಿ ಅವನು ನಿಧಾನವಾಗಿ ಉತ್ತರ ಕೊಟ್ಟ.

"ಐದು ಜೋಡಿ ಅಂದ್ರೆ ಬೀಗದೊಳಗಿನ ಕಡ್ಡಿಗಳು ಬುದ್ಧೀ. ಕೆಳಗೊಂದು, ಮೇಲೊಂದು. ಸರಿಯಾದ ಕೀಲಿಕೈ ಹಾಕಿದ್ರೆ ಎಲ್ಲ ಜೋಡಿನೂ ಉರುಳೆ ಅಂಚಿಗೆ ಸರಿಯಾಗಿ ಬೇರೆಯಾಗ್ತವೆ, ಉರುಳೆ ತಿರುಗ್ತದೆ. ಎರಡನೇದು ಉರುಳೆ ಬೆನ್ನಿಗೇ ಒಳಗೆ ಹೋಗೋ ಕೋಲು. ಉರುಳೆಯಷ್ಟೇ ದಪ್ಪ ಇರ್ಬೇಕು."

ಅವನು ಬಾಗಿಲ ಬೀಗ ಬಿಚ್ಚಿಸಿ, ದೊರೆಯ ಬಳಿಯಿದ್ದ ಇನ್ನೊಂದು ಕೀಲಿಕೈ ಹಾಕಿ ಸ್ವಲ್ಪ ತಿರುಗಿಸಿದ. ಹಿಂದಿನಿಂದ ಮರದ ಕೋಲು ತಾಗಿಸಿ ಉರುಳೆಯನ್ನು ಮೆಲ್ಲಗೆ ಹೊರಕ್ಕೆ ನೂಕಿದ. ಉರುಳೆ ಬಿಟ್ಟ ಜಾಗವನ್ನು ಕೋಲು ತುಂಬುತ್ತ ಹೋಯಿತು, ಮೇಲಿನ ಕಡ್ಡಿ ಒಂದೂ ಕದಲಲಿಲ್ಲ. ಉರುಳೆಯೊಳಗಿದ್ದ ಕೆಳಗಿನ ಐದು ಕಡ್ಡಿಗಳನ್ನು ಬಟ್ಟೆಯ ಮೇಲೆ ಸುರಿದ. ತಾನು ಅರದಲ್ಲಿ ಉಜ್ಜಿ ತಂದಿದ್ದ ಹೊಸ ಕೀಲಿಕೈ ಉರುಳೆಗೆ ತೂರಿಸಿ, ಅದರ ಹಲ್ಲಿಗೆ ಹೊಂದುವ ಹೊಸ ಕಡ್ಡಿಗಳನ್ನು ಇಳಿಬಿಟ್ಟು, ಐದೂ ಅಂಚಿಗೆ ಸಮನಾಗಿವೆಯೇ ಎಂದು ಉಗುರಿನಿಂದ ಸವರಿ ನೋಡಿದ. ಆಮೇಲೆ ಉರುಳೆಯಿಂದಲೇ ಕೋಲನ್ನು ಹಿಂದಕ್ಕೆ ನೂಕಿ ಬೀಗವನ್ನು ಬಾಗಿಲಿಗೆ ಕೂರಿಸಿದ.

"ಮೂರನೆಯದು," ಎಂದ ದೊರೆ. "ನಿನ್ನೆ ಆ ಮನೆಗೆ ಒಡೆಯ. ಇಂದು ಒಳಗೆ ಬಂದರೂ ಅವನ ಮಾತು ನಡೆಯದು. ಅವನ ಮೈ ಕೂದಲಷ್ಟೂ ಬದಲಾಗಿಲ್ಲ. ಯಾರು?"

"ಹಳೇ ಕೀಲಿಕೈ ಬುದ್ಧೀ. ಅದು ಹಾಗೇ ಐತೆ. ಒಳಗಿರೋರು ಬದಲಾದ್ರು." ಕೆಂಚ ಹಳೆಯದನ್ನು ಹಾಕಿದ, ತಿರುಗಲಿಲ್ಲ. ಹೊಸದಕ್ಕೆ ಬೀಗ ತಿರುಗಿತು.

ದೊರೆ ತಲೆದೂಗಿದ. "ವರ ಒಂದೇ. ಒಳಗಿರುವವರು ಮೂವರು. ನಿನ್ನ ಅಣ್ಣನನ್ನು ಕೇಳುತ್ತೀ, ಬಲ್ಲೆ. ಕೇಳು. ಉಳಿದಿಬ್ಬರು ಶೂಲಕ್ಕೆ."

ಕೆಂಚನಿಗೆ ಅಣ್ಣನ ಹೆಸರು ಬಾಯಿಗೇ ಬಂದಿತ್ತು. ಕಿಂಡಿಯಲ್ಲಿ ಪಂಡಿತರ ಮುಖವೂ ಅಕ್ಕಸಾಲಿಗನ ಮುಖವೂ ಕಾಣುತ್ತಿದ್ದವು. ಅಣ್ಣನದು ಕಾಣಲಿಲ್ಲ. ಅವನು ಕೈಯಲ್ಲಿದ್ದ ಹೊಸ ಕೀಲಿಕೈ ನೋಡಿಕೊಂಡ.

"ಈ ಕೀಲಿಕೈ ನನಗೇ ಇರ್ಲಿ ಬುದ್ಧೀ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಬ್ಬಿಣದ ತುಂಡಿಗೆ ಅಣ್ಣನನ್ನು ಮಾರಿದ ಮೂಢ! ಕೊಟ್ಟೆ, ಖಡ್ಗದ ಆಣೆಗೂ ಕೊಟ್ಟೆ!"

ಕೆಂಚ ಬಾಗಿಲು ತೆರೆದ. ಕಾವಲಿನವರು ಈಟಿ ಎತ್ತಿದರು. ಅವನು ತಿರುಗಿ ಕೈಮುಗಿದ. "ಒಡೆಯ ಬದಲಾದ ಅಂತ ತಾವೇ ಒಪ್ಪಿದ್ರಿ ಬುದ್ಧೀ. ಕೀಲಿಕೈ ನಂದಾದ್ರೆ ಬಾಗಿಲೂ ನಂದು." ಖಡ್ಗದ ಆಣೆ ಮುರಿದ ದೊರೆಯನ್ನು ಯಾವ ಸೈನಿಕನೂ ನಂಬುವುದಿಲ್ಲ. ಭೈರಮಲ್ಲ ಹಲ್ಲು ಕಚ್ಚಿ ಕೈ ಬೀಸಿದ. ಈಟಿಗಳು ಇಳಿದವು.

ಪಂಡಿತರು ಬಂದರು, ಅಕ್ಕಸಾಲಿಗ ಬಂದ. ಹೊನ್ನಯ್ಯ ಬರಲಿಲ್ಲ. ಕೆಂಚ ಒಳಗೆ ಹೋಗಿ ನೋಡಿದರೆ, ಅಣ್ಣ ಜ್ವರದಲ್ಲಿ ಬೆಂದು ಗೋಡೆಗೆ ಒರಗಿದ್ದ.

"ನೀನೂ ಸೋತ್ಯಾ ಮಗಾ?" ಎಂದ ಹೊನ್ನಯ್ಯ.

"ಇಲ್ಲಣ್ಣ. ಮನೆಗೆ ಹೋಗಾಣ ಏಳು."

ಹೊನ್ನಯ್ಯ ನಂಬಲಿಲ್ಲ. ತಮ್ಮ ಅವನನ್ನು ಬೆನ್ನ ಮೇಲೆ ಹೊತ್ತು ಹೊಸಿಲು ದಾಟಿ, ಬಿಸಿಲು ಮುಖಕ್ಕೆ ಹೊಡೆದ ಮೇಲೇ ಅವನು ಅತ್ತದ್ದು.