ಅವ್ವನ ಹೆಸರಿನ ಕವಲು

ನಗುವುದಿದ್ದರೆ ಮೆಲ್ಲಗೆ ನಗಿ, ಅವನ ತಾಯಿ ಇದೇ ಓಣಿಯಲ್ಲಿದ್ದಾಳೆ. ಬನಹಟ್ಟಿಯ ನೀಲವ್ವ, ಅವಳ ಮಗ ಸಂಗನಬಸು. ಕಂಪ್ಯೂಟರ್ ಕೆಲಸದಲ್ಲಿ ಕೈ ಚುರುಕು. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ತೊಂದರೆ. ಎರಡು ಕಡೆ ಕೆಲಸ ಬಿಡಿಸಿದ್ದರು. ಕೊನೆಗೆ ನೀಲವ್ವ ತಾನು ಕಸ ಹೊಡೆಯುವ ಆಫೀಸಿನಲ್ಲೇ, ಅದನ್ನು ನಡೆಸುವ ಶಾಹೀನಾ ಮೇಡಂ ಅವರನ್ನು ಕಾಡಿ ಬೇಡಿ ಅವನನ್ನು ಸೇರಿಸಿದಳು. ಒಂದು ತಿಂಗಳು ನೋಡುತ್ತೇನೆ ಅಂದರು ಮೇಡಂ. ಈ ಕೆಲಸವೂ ಹೋದರೆ ಅಲ್ಲಿ ಪೊರಕೆ ಹಿಡಿದು ಹೇಗೆ ತಲೆ ಎತ್ತಲಿ ಅಂತ ನೀಲವ್ವನ ಚಿಂತೆ.

ಅಲ್ಲಿ ಆಸ್ಪತ್ರೆಗಳಿಗೆ ಟೋಕನ್ ಕೊಡುವ ಪ್ರೋಗ್ರಾಂ ಬರೆಯುತ್ತಾರೆ. ಕೋಡ್, ಅಂದರೆ ಆ ಪ್ರೋಗ್ರಾಂನ ಬರಹ, ಎಲ್ಲರದ್ದೂ ಒಂದೇ. ತಿದ್ದುವವರು ಅದರಿಂದ ಒಂದು ಕವಲು, ಅಂದರೆ ತಮ್ಮದೇ ಒಂದು ಪ್ರತಿ, ತೆಗೆದು, ಅದಕ್ಕೊಂದು ಹೆಸರಿಟ್ಟು, ತಿದ್ದಿದ ಮೇಲೆ ಮೂಲಕ್ಕೆ ಸೇರಿಸಿ, ಕವಲನ್ನು ತೆಗೆದುಹಾಕಬೇಕು.

ಮೊದಲ ದಿನ ಮೇಡಂ ಹೇಳಿದರು: ಏನು ಕೆಟ್ಟಿದೆ ಅನ್ನುವುದು ಹೆಸರಿನಲ್ಲೇ ಸ್ಪಷ್ಟವಾಗಿರಲಿ, ಏನೂ ಮುಚ್ಚಿಡಬೇಡ. ಸಂಗನಬಸು ಏನೂ ಮುಚ್ಚಿಡಲಿಲ್ಲ. 'ಶಾಹೀನಾ-ಮೇಡಂ-ಕೆಡಿಸಿದ-ಟೋಕನ್' ಅಂತ ಇಟ್ಟ. ಆಸ್ಪತ್ರೆಯವರು ಬಂದಾಗ ಎಲ್ಲ ಕವಲುಗಳನ್ನೂ ತೋರಿಸುವ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅದೇ ಹೆಸರು. ಮೇಡಂ ಮುಖ ಕೆಂಪಾಯಿತು.

ಮನೆಯಲ್ಲಿ ನೀಲವ್ವ ಬೈದಳು. "ಒಬ್ಬರನ್ನ ಎತ್ತಿ ಆಡಬಾರದೋ. ಎಲ್ಲಾರೂ ನಮ್ಮವರು ಅನ್ನೂವಂಗ ಹೆಸರು ಇಡು."

ಮರುದಿನ ಆಫೀಸಿನ ಎಲ್ಲರನ್ನೂ ಹೆಸರಿಗೆ ಸೇರಿಸಿದ. ಶಾಹೀನಾ, ದೇವಪ್ಪ, ಫಕೀರೇಶ, ರೇಣುಕಾ, ಚಹಾ ತರುವ ಮೈಬೂಸಾಬ, ಎಲ್ಲರೂ ಒಂದೇ ಕವಲಿನ ಹೆಸರಿನಲ್ಲಿ. ಮೇಡಂ ಗಟ್ಟಿಯಾಗಿ ಓದಿದರು, ಎಲ್ಲರೂ ನಕ್ಕರು. ಮೂಲೆಯಲ್ಲಿ ಕಸ ಹೊಡೆಯುತ್ತಿದ್ದ ನೀಲವ್ವ ತನ್ನ ಹೆಸರು ಬಂದೀತು ಅಂತ ಕೊನೆಯವರೆಗೂ ಕೇಳಿದಳು. ಬರಲಿಲ್ಲ. ನಗು ನಿಂತಿತು, ಯಾರೂ ಅವಳ ಕಡೆ ನೋಡಲಿಲ್ಲ. ಮಗನೂ ನೋಡಲಿಲ್ಲ, ನಾಚಿಕೆಯಿಂದ ಅವನ ಕುತ್ತಿಗೆ ಬಗ್ಗಿಹೋಗಿತ್ತು.

ಮೇಡಂ ಕರೆದು ತಿಳಿಸಿ ಹೇಳಿದರು: ಯಾರ ಹೆಸರೂ ಬೇಡ, ಯಾರ ಮನಸ್ಸೂ ನೋಯಬಾರದು, ಓದಿದ ಕೂಡಲೇ ಯಾವ ಕೆಲಸ ಅಂತ ಈ ಆಫೀಸಿನ ಎಲ್ಲರಿಗೂ ತಿಳಿಯಬೇಕು.

ಮೂರನೆಯ ದಿನದ ಕೆಲಸ ಕೋಡಿನಲ್ಲಿ ಬೇಡದ ಸಾಲು ತೆಗೆದು ಚೊಕ್ಕಟ ಮಾಡುವುದು. ಸಂಗನಬಸು ಯೋಚಿಸಿದ. ಈ ಆಫೀಸಿನಲ್ಲಿ ಚೊಕ್ಕಟ ಮಾಡುವುದು ಅಂದರೆ ಎಲ್ಲರಿಗೂ ತಿಳಿದದ್ದು ಒಂದೇ. ಕವಲಿಗೆ 'ಅವ್ವ' ಅಂತ ಇಟ್ಟ. ನಿನ್ನೆ ಅವ್ವನನ್ನು ಬಿಟ್ಟ ತಪ್ಪೂ ತೀರಿತು ಅಂದುಕೊಂಡ.

ಕೆಲಸ ಒಳ್ಳೆಯದಾಗಿತ್ತು. ಮೇಡಂ ಪರದೆ ನೋಡುತ್ತ, ಅವಸರದಲ್ಲಿ, ತಮ್ಮ ಜಾಗದಿಂದಲೇ ಕೂಗಿ ಹೇಳಿದರು: "ಅವ್ವಂದು ಮುಗೀತಲ್ಲ ಸಂಗನಬಸು, ಇನ್ನ ಅವ್ವನ್ನ ತೆಗೆದುಹಾಕು."

ಮೇಡಂ ಹಿಂದೆಯೇ ನೀಲವ್ವ ನಿಂತಿದ್ದಳು. ಪೊರಕೆಯನ್ನು ಗೋಡೆಗೆ ಒರಗಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ನನ್ನಿಂದ ಏನ್ ತಪ್ಪಾತ್ರಿ ಮೇಡಂ?" ಅಂದಳು.

ಮೇಡಂ ಎದ್ದು ನಿಂತರು. ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡು, ಅದು ಕವಲಿನ ಹೆಸರು, ನೀನಲ್ಲ ಅಂತ ಬಿಡಿಸಿ ಹೇಳಿದರು. ನೀಲವ್ವ ತಲೆ ಆಡಿಸಿದಳು, ಆದರೆ ಪೊರಕೆಯನ್ನು ಮತ್ತೆ ಮುಟ್ಟಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು.

ಸಂಗನಬಸುವಿಗೆ ಅಳು ಬಂತು. ಮೊದಲು ಆ ಹೆಸರು ಬದಲಿಸು, ಇನ್ನು ಯಾರಿಗೂ ತಪ್ಪು ತಿಳಿಯಬಾರದು ಅಂದರು ಮೇಡಂ. ಅವನು ಕಣ್ಣೊರೆಸಿಕೊಂಡು ಕೂತು, ಒಂದೊಂದೇ ಅಕ್ಷರ ಒತ್ತಿ ಹೊಸ ಹೆಸರು ಬರೆದ. ಗೋಡೆಯ ದೊಡ್ಡ ಪರದೆಯಲ್ಲಿ ಎಲ್ಲರಿಗೂ ಕಾಣಿಸಿತು:

'ಇದು-ನಮ್ಮ-ಅವ್ವ-ಅಲ್ಲ'.